ಪಿಳ್ಳಪ್ಪನವರ ಮುಂಚಿನ ಅಲೆ

ಮನುಷ್ಯ ದಿನಕ್ಕೆ ಇಪ್ಪತ್ತು ಸಾವಿರ ಸಲ ಉಸಿರಾಡುತ್ತಾನೆ, ಒಂದನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ನೆನಪಿಟ್ಟುಕೊಳ್ಳಬೇಕಾಗಿ ಬಂದಿದ್ದರೆ ಬೇರೆ ಯಾವ ಕೆಲಸಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಇಂದುಮತಿಗೆ ಮಾತ್ರ ಅದೇ ಕೆಲಸ. ದೇವನಹಳ್ಳಿ ದಾಟಿ ನಂದಿಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ಇದ್ದ ಉಸಿರು ಕೇಂದ್ರದಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಕಂಡವರ ಉಸಿರನ್ನೆಲ್ಲ ಗೆರೆಗಳಾಗಿ ನೋಡುತ್ತಾ ಬಂದಿದ್ದಳು. ಅವಳು ವೈದ್ಯೆಯಲ್ಲ, ಇಂಜಿನಿಯರು. ಆ ಗೆರೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಬೇರ್ಪಡಿಸುವುದು ಅವಳ ಪಾಲಿನ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಆರಿಸುವವರು ಒಮ್ಮೊಮ್ಮೆ ಕಲ್ಲೆಂದುಕೊಂಡು ಅಕ್ಕಿಯನ್ನೂ ಎಸೆದುಬಿಡುತ್ತಾರೆ ಎನ್ನುವುದು ಆಗ ಅವಳ ತಲೆಗೆ ಹೊಳೆದಿರಲಿಲ್ಲ.

ಆ ಹೊತ್ತಿಗೆ ‘ಕಾಳು’ ಮನೆಮನೆಯ ಮಾತಾಗಿತ್ತು. ಕೇಂದ್ರದವರು ಅದಕ್ಕೆ ಒಂದೂವರೆ ಸಾಲಿನಷ್ಟು ಉದ್ದದ ಹೆಸರಿಟ್ಟಿದ್ದರು. ಜನ ನೋಡಿದರು, ಅಕ್ಕಿಕಾಳಿನಷ್ಟಿದೆಯಲ್ಲ ಎಂದರು, ಅಲ್ಲಿಗೆ ಹೆಸರು ಕಾಳು ಎಂದೇ ನಿಂತಿತು. ಬಾಯಿ ತೆರೆದರೆ ಹಿಂದೆ ಕಿರುನಾಲಿಗೆ ನೇತಾಡುವ ಎಲುಬಿಲ್ಲದ ಮೆತ್ತನೆ ಜಾಗವಿದೆಯಲ್ಲ, ಆ ಮೆದು ಅಂಗುಳದಲ್ಲಿ ಅದನ್ನು ಕೂರಿಸುತ್ತಿದ್ದರು. ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ತಮ್ಮ ಪಾಡಿಗೆ ತಾವು ಬಿಗಿಯಾಗಿ ನಿಂತು ಗಾಳಿಗೆ ದಾರಿ ಬಿಟ್ಟಿರುತ್ತವೆ. ನಿದ್ದೆ ಬಂದರೆ ಅವೂ ಸಡಿಲವಾಗುತ್ತವೆ. ಎದೆ ಮಾತ್ರ ಕೆಳಗಿನಿಂದ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ. ಎಳನೀರಿಗೆ ಹಾಕಿದ ಕಾಗದದ ಸ್ಟ್ರಾ ನೆನೆದು ಮೆತ್ತಗಾದ ಮೇಲೆ ಜೋರಾಗಿ ಹೀರಿದರೆ ಚಪ್ಪಟೆಯಾಗಿ ಅಂಟಿಕೊಳ್ಳುವಂತೆ ಕೆಲವರ ಗಂಟಲು ಅಂಟಿಕೊಳ್ಳುತ್ತದೆ. ಅಂಟುವ ಮುಂಚೆ ಗೊರಕೆ, ಅಂಟಿದ ಮೇಲೆ ನಿಶ್ಶಬ್ದ. ಮನೆಯವರು ಗೊರಕೆಗೆ ಬೈಯುತ್ತಾರೆ, ನಿಶ್ಶಬ್ದವಾದರೆ ಸದ್ಯ ಎಂದು ಮಗ್ಗುಲು ಬದಲಿಸುತ್ತಾರೆ. ಹೆದರಬೇಕಾದದ್ದು ಆ ನಿಶ್ಶಬ್ದಕ್ಕೆ.

ಕಾಳು ಒಂದೊಂದು ಉಸಿರಿಗೂ ಈ ಸ್ನಾಯುಗಳನ್ನು ಸಣ್ಣ ವಿದ್ಯುತ್ತಿನಿಂದ ತಟ್ಟಿ ಎಬ್ಬಿಸುತ್ತಿತ್ತು. ಅಂಗುಳವನ್ನು ಬಿಗಿ ಮಾಡುವ ಸ್ನಾಯು ಒಂದು, ಅದನ್ನು ನಾಲಿಗೆಯ ಕಡೆಗೆ ಎಳೆದು ಮೂಗಿನ ದಾರಿ ಬಿಡಿಸುವ ಸ್ನಾಯು ಇನ್ನೊಂದು, ನಾಲಿಗೆಯ ಬುಡವನ್ನು ಮುಂದಕ್ಕೆ ತರುವುದು ಮತ್ತೊಂದು. ದಿಂಬಿನ ಕೆಳಗಿಡುವ ಒಂದು ಬಿಲ್ಲೆಯಿಂದ ಅದು ಚಾರ್ಜ್ ಆಗುತ್ತಿತ್ತು, ಉಸಿರಿನ ಲೆಕ್ಕ ನೆನಪಿಟ್ಟುಕೊಳ್ಳುತ್ತಿದ್ದದ್ದೂ ಆ ಬಿಲ್ಲೆಯೇ. ಲಾರಿ, ಬಸ್ಸು ಓಡಿಸುವವರಿಗೆ ಕಾಳಿಲ್ಲದೆ ಲೈಸೆನ್ಸ್ ಇಲ್ಲ ಎಂದಾಯಿತು. ರೈಲಿನ ಬೋಗಿಗಳು ಸದ್ದಿಲ್ಲದೆ ಮಲಗಿದವು. ಹತ್ತು ವರ್ಷ ಬೇರೆ ಬೇರೆ ಕೋಣೆಯಲ್ಲಿದ್ದ ಗಂಡ ಹೆಂಡಿರು ಮತ್ತೆ ಒಂದೇ ಕೋಣೆಗೆ ಬಂದು ಜಗಳಕ್ಕೆ ಬೇರೆ ಕಾರಣ ಹುಡುಕಿಕೊಂಡರು. ಮದುವೆ ಮಾತುಕತೆಯಲ್ಲಿ ಜಾತಕದ ಜೊತೆಗೆ, ಹುಡುಗನಿಗೆ ಕಾಳು ಹಾಕಿಸಿದ್ದೀರಾ ಎಂದೂ ಕೇಳುವುದು ರೂಢಿಯಾಯಿತು.

ಇಷ್ಟು ಜನಕ್ಕೂ ಗೊತ್ತಿಲ್ಲದ ಸಂಗತಿ ಒಂದಿತ್ತು. ಕಣ್ಣು ಮುಚ್ಚಿದ ಮೇಲೆ ಅವರೆಲ್ಲರ ಗಂಟಲಿನಲ್ಲಿ ಆಡುತ್ತಿದ್ದದ್ದು ಶಿಡ್ಲಘಟ್ಟದ ಪಿಳ್ಳಪ್ಪನವರ ಉಸಿರು.

ಪಿಳ್ಳಪ್ಪನವರು ನಾಗಸ್ವರದ ಮೇಳದಲ್ಲಿ ಒತ್ತು ಊದುತ್ತಿದ್ದವರು. ನೋಡುವುದಕ್ಕೆ ಒತ್ತು ಕೂಡ ನಾಗಸ್ವರದ ಹಾಗೆಯೇ ಉದ್ದನೆಯ ಕೊಳವೆ. ಆದರೆ ಅದರಲ್ಲಿ ಬರುವುದು ಒಂದೇ ಸ್ವರ. ಕಛೇರಿ ಮುಗಿಯುವವರೆಗೆ ಆ ಒಂದು ಸ್ವರವನ್ನು ಎಲ್ಲಿಯೂ ಕಡಿಯದಂತೆ ಹಿಡಿದಿಡಬೇಕು. ಶ್ರುತಿಪೆಟ್ಟಿಗೆ ಬಂದ ಮೇಲೆ ಒತ್ತಿನವರನ್ನು ಯಾರೂ ಕರೆಯದಂತಾಯಿತು. ಕರೆದಾಗಲೂ ಅಷ್ಟೇ, ಶಾಲು ನಾಗಸ್ವರದವರಿಗೆ, ಭೇಷ್ ಎನ್ನಿಸಿಕೊಳ್ಳುವವರು ಡೋಲಿನವರು, ಒತ್ತಿನವರಿಗೆ ಊಟ.

ಇಂದುಮತಿ ಅವರನ್ನು ಮೊದಲು ಕಂಡದ್ದು ಸಹೋದ್ಯೋಗಿಯೊಬ್ಬರ ಗೃಹಪ್ರವೇಶದಲ್ಲಿ. ಆ ವರ್ಷ ಅವಳ ಕೆಲಸ ಕಗ್ಗಂಟಾಗಿ ಕೂತಿತ್ತು. ಕಾಳಿಗೆ ಯಾವಾಗ, ಎಷ್ಟು ಜೋರಾಗಿ ತಟ್ಟಬೇಕೆಂದು ಕಲಿಸಲು ಆರೋಗ್ಯವಂತ ಗಂಟಲೊಂದರ ಮಾದರಿ ಬೇಕಿತ್ತು. ಸಾಮಾನ್ಯರ ಅಂಗುಳದ ಸಂಕೇತ ನಿದ್ದೆಯಲ್ಲಿ ಎಷ್ಟು ಕ್ಷೀಣವೆಂದರೆ ಎದೆಬಡಿತದಲ್ಲಿ, ಉಗುಳು ನುಂಗುವುದರಲ್ಲಿ ಮುಳುಗಿಹೋಗುತ್ತಿತ್ತು. ಗೃಹಪ್ರವೇಶದಲ್ಲಿ ತಟ್ಟೆ ಹಿಡಿದು ನಿಂತಿದ್ದವಳು, ಮೂಲೆಯಲ್ಲಿ ಕೂತ ಸಣಕಲು ಮುದುಕರೊಬ್ಬರು ನಲವತ್ತು ನಿಮಿಷ ಬಾಯಿಯಿಂದ ಕೊಳವೆ ತೆಗೆಯದೆ ಇದ್ದದ್ದನ್ನು ನೋಡಿದಳು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ನಾಲಿಗೆಯ ಹಿಂಬದಿ ಮತ್ತು ಅಂಗುಳ ಎರಡನ್ನೂ ಸೇರಿಸಿ ಬಾಯಿಯ ಕಡೆಯ ದಾರಿ ಮುಚ್ಚಿ, ಅದೇ ಗಳಿಗೆಯಲ್ಲಿ ಮೂಗಿನಿಂದ ಉಸಿರೆಳೆದುಕೊಳ್ಳುತ್ತಿದ್ದರು. ಕೆನ್ನೆಯ ಗಾಳಿ ಕೊಳವೆಗೆ ಹೋಗುತ್ತಲೇ ಇತ್ತು. ಐವತ್ತು ವರ್ಷ ಹೀಗೆ ಪಳಗಿದ ಅಂಗುಳ ಈ ಸೀಮೆಯಲ್ಲಿ ಇನ್ನೊಂದು ಸಿಕ್ಕುವುದಿಲ್ಲ ಎಂದು ಅವಳಿಗೆ ಅಲ್ಲೇ ಅನ್ನಿಸಿತು. ಪಾಯಸ ಹಾಗೇ ಉಳಿಯಿತು.

ಅವರು ಕೇಂದ್ರಕ್ಕೆ ಬಂದು ಮೂರು ದಿನ ಇದ್ದರು. ಅಂಗುಳಕ್ಕೆ ಕೂದಲೆಳೆಯಂಥ ತಂತಿಗಳನ್ನು ಸೇರಿಸಿಕೊಂಡು ಒತ್ತು ಊದಿದರು, ಮಾತಾಡಿದರು, ಮಲಗಿದರು. ಬದಲಿಗೆ ಏನು ಕೊಡಬೇಕೆಂದು ಕೇಳಿದಾಗ ಒಂದೇ ಮಾತು ಹೇಳಿದರು.

“ನನಗೇನೂ ಬೇಡಮ್ಮ. ನಮ್ಮನೆಯೋಳಿಗೆ ನಿದ್ದೇಲಿ ಉಸಿರು ನಿಂತೋಗ್ತದೆ. ಮೂವತ್ತು ವರ್ಷದಿಂದ ನಾನೇ ಗದ್ದ ಹಿಡಿದು ಮಗ್ಗುಲಿಗೆ ತಿರುಗಿಸ್ತಾ ಇವ್ನಿ. ನನ್ ಕೈಗೂ ವಯಸ್ಸಾಯ್ತು. ಈ ಕಾಳು ಅನ್ನೋದು ಮಾಡಿದ್ ಮೇಲೆ ಮೊದ್ಲು ಅವ್ಳಿಗೆ ಹಾಕಿ.”

ಮೂರನೆಯ ದಿನ ಬೆಳಿಗ್ಗೆ ಅವರು ತಮ್ಮ ಗೆರೆಗಳನ್ನು ಪರದೆಯ ಮೇಲೆ ನೋಡಿದರು. ಒಂದೊಂದು ಉಸಿರಿಗೂ ಒಂದು ದೊಡ್ಡ ಅಲೆ ಏಳುತ್ತಿತ್ತು. ಅದಕ್ಕೂ ಮುಂಚೆ, ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮೊದಲು, ಒಂದು ಸಣ್ಣ ಅಲೆ.

“ಅದೇನಮ್ಮ ಆ ಸಣ್ಣ ಉಬ್ಬು?”

“ಉಸಿರು ಬರೋಕೆ ಮುಂಚೇನೇ ನಿಮ್ಮ ಅಂಗುಳ ಬಿಗಿಯಾಗ್ತಿದೆ.”

“ಆಗ್ಬೇಕಲ್ಲಮ್ಮ. ಮೊದ್ಲು ಬಾಗ್ಲು, ಆಮೇಲೆ ಗಾಳಿ. ಗಾಳಿ ಬಂದ್ಮೇಲೆ ಬಾಗ್ಲು ತೆಗೆಯಕ್ಕೋದ್ರೆ ಅದು ಮೊಕಕ್ಕೇ ಬಡೀತದೆ. ಮೇಳದಲ್ಲೂ ಹಂಗೇ. ಒತ್ತು ಮೊದ್ಲು ಎದ್ದು ನಿಂತಿರ್ಬೇಕು, ಆಮೇಲೆ ನಾಗಸ್ವರದವ್ರು ಬಾಯಿಗಿಟ್ಕೋಬೇಕು. ಇದನ್ನ ಬರ್ಕೊಳ್ಳಿ.”

“ಬರ್ಕೊಂಡೆ, ಪಿಳ್ಳಪ್ಪನವರೇ.”

ಬರೆದುಕೊಂಡಿರಲಿಲ್ಲ. ಅವಳ ಕೈಯಲ್ಲಿ ಕಾಫಿ ಲೋಟವಿತ್ತು.

ಕೊಟ್ಟ ಮಾತಿನಂತೆ ಮೊದಮೊದಲ ಕಾಳುಗಳಲ್ಲಿ ಒಂದನ್ನು ಅವರ ಹೆಂಡತಿ ಅಕ್ಕಯಮ್ಮನಿಗೆ ಹಾಕಿದರು. ಅಕ್ಕಯಮ್ಮ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಬಿಸಿನೀರಿನ ಮುಂದೆ ಕೂತು ಗೂಡಿನ ಎಳೆ ಹಿಡಿಯುವ ಕೆಲಸದವರು. ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು. ತಿಂಗಳಾದ ಮೇಲೆ ತಪಾಸಣೆಗೆ ಬಂದವರು, ಬೆಳಿಗ್ಗೆ ಎದ್ದರೆ ತಲೆ ಹಗುರವಾಗಿರುತ್ತದೆ, ಕೂತಲ್ಲಿ ತೂಕಡಿಕೆ ಇಲ್ಲ ಎಂದರು. ಪಿಳ್ಳಪ್ಪನವರು ಪಕ್ಕದಲ್ಲಿ ಕೂತು, ಮದುವೆಯಾದ ಮೇಲೆ ನಾನು ಪೂರ್ತಿ ನಿದ್ದೆ ಮಾಡಿದ್ದು ಇದೇ ಮೊದಲು ಎಂದು ನಕ್ಕರು. ಐದು ವರ್ಷದ ಮೇಲೆ ಅವರು ಜ್ವರ ಬಂದು ತೀರಿಕೊಂಡರು. ಇಂದುಮತಿ ಹಾರ ತೆಗೆದುಕೊಂಡು ಹೋಗಿ ಬಂದಳು. ಅಕ್ಕಯಮ್ಮ ಅವಳ ಕೈ ಹಿಡಿದುಕೊಂಡು, “ಎಲ್ಲೋಗಿಲ್ಲಮ್ಮ ಅವ್ರು, ಕಣ್ ಮುಚ್ಚಿದ್ರೆ ನನ್ ಗಂಟಲಾಗೇ ಅವ್ರೆ” ಎಂದಿದ್ದರು. ಅದನ್ನು ಇಂದುಮತಿ ಮನೆಗೆ ಬಂದು ಗಂಡನಿಗೆ ಹೇಳಿ ಕಣ್ಣು ಒರೆಸಿಕೊಂಡಿದ್ದಳು.

ಹೀಗೆ ಕಣ್ಣು ಒರೆಸಿಕೊಂಡವಳೇ ಎರಡು ವರ್ಷದ ಮೇಲೆ ಆ ಸಣ್ಣ ಅಲೆಯನ್ನು ಕತ್ತರಿಸಿದಳು.

ಅದಕ್ಕೆ ಕಾರಣಗಳಿದ್ದವು. ತಪ್ಪಿಗೆ ಕಾರಣಗಳ ಕೊರತೆ ಯಾವತ್ತೂ ಇರುವುದಿಲ್ಲ. ಕೆಲವರು ಮಲಗುವಾಗ ಗಂಟಲಲ್ಲಿ ಏನೋ ಗುಟುಕರಿಸಿದಂತಾಗುತ್ತದೆ ಎಂದು ದೂರಿದ್ದರು. ಮುಂದಿನ ಉಸಿರು ಯಾವಾಗ ಬರುತ್ತದೆಂದು ಊಹಿಸಿ, ಅದಕ್ಕೂ ಮೊದಲೇ ತಟ್ಟುವುದರಲ್ಲಿ ಕಾಳಿನ ಶಕ್ತಿಯ ಮೂರನೆಯ ಒಂದು ಪಾಲು ಖರ್ಚಾಗುತ್ತಿತ್ತು. ಊಹೆಯನ್ನು ಕೈಬಿಟ್ಟು, ಎದೆ ಎಳೆಯುವುದು ಗೊತ್ತಾದ ಮೇಲೆ ತಟ್ಟಿದರೆ ಒಂದು ಚಾರ್ಜು ಮೂರು ದಿನದ ಬದಲು ಐದು ದಿನ ಬರುತ್ತಿತ್ತು. ಮುಂಚಿನ ಅಲೆ ಊದುವವರ ಕಸುಬಿನ ಚಾಳಿ ಎಂದು ಇಂದುಮತಿ ನಂಬಿದ್ದಳು. ನೂಲು ತೆಗೆಯುವವರ ಬೆರಳು ಬೆಳ್ಳಗಾಗುವಂತೆ, ದರ್ಜಿಯ ಬೆನ್ನು ಬಾಗುವಂತೆ, ಅದು ಒಬ್ಬರ ಉದ್ಯೋಗದ ಗುರುತು. ಊದದೆ ಇರುವವರಿಗೆ ಅದೇಕೆ? ಕೇಂದ್ರದ ನಿರ್ದೇಶಕ ಡಾ. ಯತಿರಾಜ್ ಕೊಟ್ಟಿದ್ದ ಪುಸ್ತಕವೊಂದರಲ್ಲಿ, ಮೇಲಿನ ಉಸಿರುದಾರಿಯ ಸ್ನಾಯುಗಳು ಎದೆಗಿಂತ ಕೊಂಚ ಮೊದಲೇ ಕೆಲಸ ಶುರುಮಾಡುತ್ತವೆ ಎಂಬ ಸಾಲಿತ್ತು. ಅವಳು ಅದನ್ನು ಓದಿದ್ದಳು. ಅದು ನಾಲಿಗೆಯ ಸ್ನಾಯುವಿಗೆ ಸೇರಿದ್ದು, ಅಂಗುಳಕ್ಕಲ್ಲ ಎಂದುಕೊಂಡು ಪುಟ ತಿರುವಿದ್ದಳು.

ಇನ್ನೂರು ಜನರ ಮೇಲೆ ಪರೀಕ್ಷೆ ನಡೆಯಿತು. ಗಂಟಲು ತೀರಾ ಸಡಿಲವಾಗಿದ್ದವರನ್ನು, ಅಪಾಯವಾದೀತೆಂದು, ಪರೀಕ್ಷೆಗೆ ಸೇರಿಸಲಿಲ್ಲ. ಉಳಿದವರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಆ ಸಣ್ಣ ಅಲೆಯಿಲ್ಲದ ನಾಲ್ಕನೆಯ ಆವೃತ್ತಿ ದಿಂಬಿನ ಬಿಲ್ಲೆಗಳ ಮೂಲಕ ಎಲ್ಲರ ಗಂಟಲಿಗೂ ಇಳಿಯಿತು. ಕೇಂದ್ರದಲ್ಲಿ ಸಿಹಿ ಹಂಚಿದರು.

ಮನೆಯಲ್ಲಿ, ತಾನೂ ಕಾಳು ಹಾಕಿಸಿಕೊಂಡಿದ್ದ ಇಂದುಮತಿಯ ಗಂಡ ಸದಾನಂದ ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ, “ನಿನ್ನ ಹೊಸದು ಬಂದಮೇಲೆ ಬೆಳಿಗ್ಗೆ ಬಾಯಿ ಒಣಗಿರತ್ತೆ ಕಣೆ” ಎಂದ. ಅವನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಗೊಣಗುವ ಸ್ವಭಾವದವನಲ್ಲ.

“ಮಲಗೋ ಮುಂಚೆ ನೀರು ಕುಡೀರಿ,” ಎಂದಳು.

ಅವನು ಹಾಗೇ ಮಾಡಿದ. ಅವನ ಗಂಟಲು ಅಷ್ಟೇನೂ ಸಡಿಲವಿರಲಿಲ್ಲ, ನೀರಿನಲ್ಲಿ ಸುಧಾರಿಸಿತು.

ಅಕ್ಕಯಮ್ಮ ಬಂದದ್ದು ಅದಾಗಿ ಮೂರು ವಾರಕ್ಕೆ. ಶಿಡ್ಲಘಟ್ಟದಿಂದ ಎರಡು ಬಸ್ಸು ಬದಲಿಸಿ, ತಿರುವಿನಿಂದ ಕೇಂದ್ರದವರೆಗೆ ಬಿಸಿಲಿನಲ್ಲಿ ನಡೆದುಕೊಂಡೇ ಬಂದಿದ್ದರು. ಇಂದುಮತಿ ಅವರನ್ನು ತನ್ನ ಕೋಣೆಗೇ ಕರೆಸಿ, ಫ್ಯಾನಿನ ಕೆಳಗೆ ಕೂರಿಸಿ, ಮಜ್ಜಿಗೆ ತರಿಸಿಕೊಟ್ಟಳು. ಉಪಚಾರದಲ್ಲಿ ಏನೂ ಕಡಿಮೆ ಮಾಡಲಿಲ್ಲ.

“ಏನು ತೊಂದರೆ, ಅಕ್ಕಯಮ್ಮ?”

“ತೊಂದ್ರೆ ಅಂತಲ್ಲಮ್ಮ. ಮೊದ್ಲಿನಂಗಿಲ್ಲ.” ಅವರು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. “ಅವ್ರು ತಡವಾಗಿ ಬತ್ತಾವ್ರೆ.”

“ಯಾರು?”

“ಇನ್ಯಾರಮ್ಮ, ನಮ್ಮನೆಯವ್ರು. ಮೊದ್ಲು ನಾನು ಉಸಿರು ಎಳ್ಕೊಳ್ಳಕ್ಕೆ ಮುಂಚೆ ಬಂದು ಬಾಗ್ಲು ತೆಗೀತಿದ್ರು. ಈಗ ನಾನು ಎಳೀತೀನಿ, ಎಳೀತೀನಿ, ಆಮೇಲೆ ಬತ್ತಾರೆ. ಅಷ್ಟೊತ್ಗೆ ಮುಚ್ಕೊಂಡಿರ್ತದೆ. ಹಗಲೊತ್ತು ಗೂಡಿನ ಎಳೆ ಕೈಗೆ ಸಿಗಲ್ಲ, ತೂಕಡ್ಸಿ ತೂಕಡ್ಸಿ ಬೀಳ್ತೀನಿ.”

ಇಂದುಮತಿ ಪರದೆಯಲ್ಲಿ ಅವರ ಹೆಸರು ತೆರೆದು ನೋಡಿದಳು. ಉಸಿರು ಇಪ್ಪತ್ತು ಸೆಕೆಂಡು ನಿಂತರೆ ಮಾತ್ರ ಬಿಲ್ಲೆ ಕೇಂದ್ರಕ್ಕೆ ಎಚ್ಚರಿಕೆ ಕಳಿಸುತ್ತಿತ್ತು. ಹತ್ತು ಸೆಕೆಂಡಿಗೆ ಇಟ್ಟರೆ ಸುಮ್ಮಸುಮ್ಮನೆ ಕೂಗುತ್ತದೆಂದು ಇಪ್ಪತ್ತಕ್ಕೆ ಏರಿಸಿದ್ದವಳು ಅವಳೇ. ಅಕ್ಕಯಮ್ಮನ ಹೆಸರಿನ ಮುಂದೆ ಒಂದೂ ಎಚ್ಚರಿಕೆ ಇರಲಿಲ್ಲ, ಎಲ್ಲವೂ ಹಸಿರು. ಎದುರಿಗೆ ಕೂತ ಹೆಂಗಸು ಸತ್ತ ಗಂಡ ತಡವಾಗಿ ಬರುತ್ತಾನೆ ಎನ್ನುತ್ತಿದ್ದಾರೆ. ಅವಳು ಮರುಕಪಟ್ಟಳು, ಅದು ಸುಳ್ಳಲ್ಲ. ಆದರೆ ಮರುಕಪಟ್ಟದ್ದು ಅವರ ಒಂಟಿತನಕ್ಕೆ, ಗಂಟಲಿಗಲ್ಲ. ಭೇಟಿಯ ಹಾಳೆಯಲ್ಲಿ ಎರಡು ಸಾಲು ಬರೆದಳು. ಆಮೇಲೆ ಎದ್ದು ಅವರ ಭುಜದ ಮೇಲೆ ಕೈಯಿಟ್ಟು, ಇಷ್ಟು ವರ್ಷ ಜೊತೆಗಿದ್ದವರು ಹೋದರೆ ಹೀಗೆಲ್ಲ ಅನ್ನಿಸುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದಳು.

ಅಕ್ಕಯಮ್ಮ ಅವಳನ್ನೂ, ಅವಳು ಬರೆದಿಟ್ಟ ಹಾಳೆಯನ್ನೂ ನೋಡಿದರು. “ಬರ್ಕೊಂಡ್ರಲ್ಲ, ಸಾಕು ಬುಡಿ” ಎಂದು ಎದ್ದರು. ಇಂದುಮತಿ ಅವರನ್ನು ಬಸ್ಸಿನ ತಿರುವಿನವರೆಗೆ ಕೇಂದ್ರದ ಜೀಪಿನಲ್ಲಿ ಕಳಿಸಿಕೊಟ್ಟಳು.

ಆರು ವಾರದ ಮೇಲೆ ಒಂದು ಪಾರ್ಸಲು ಬಂತು. ಕಾಳು ಹಾಕಿಸಿಕೊಂಡವರು ತೀರಿಹೋದರೆ ಮನೆಯವರು ದಿಂಬಿನ ಬಿಲ್ಲೆಯನ್ನು ಕೇಂದ್ರಕ್ಕೆ ಹಿಂದಿರುಗಿಸಬೇಕು ಎಂಬ ನಿಯಮವಿತ್ತು. ರೇಷ್ಮೆಗೂಡು ತುಂಬುವ ಚೀಲದ ಬಟ್ಟೆಯಲ್ಲಿ ಸುತ್ತಿ ಹೊಲಿದಿದ್ದರು. ಒಳಗಿನ ಚೀಟಿಯಲ್ಲಿ ಅಕ್ಕಯಮ್ಮನ ಹೆಸರು, ಮಧ್ಯಾಹ್ನ ಊಟವಾದ ಮೇಲೆ ಮಲಗಿದವರು ಏಳಲಿಲ್ಲ, ಡಾಕ್ಟರು ಹೃದಯಾಘಾತ ಎಂದರು ಎಂದು ಎರಡು ಸಾಲು, ಕೆಳಗೆ ಮಗಳು ನಾಗವೇಣಿಯ ಸಹಿ.

ಬಂದ ಬಿಲ್ಲೆಗಳ ನೆನಪಿನಲ್ಲಿದ್ದದ್ದನ್ನು ಅಳಿಸಿ ಮತ್ತೆ ಉಪಯೋಗಿಸುವುದು ವಾಡಿಕೆ. ಇಂದುಮತಿ ಇದನ್ನು ಅಳಿಸಲು ಕೊಡಲಿಲ್ಲ. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ಬಹುಶಃ ಚೀಲದ ಹೊಲಿಗೆ ನೋಡಿ. ಅದನ್ನು ನಿಯಂತ್ರಣ ಕೊಠಡಿಗೆ ಒಯ್ದು ಯಂತ್ರಕ್ಕೆ ಸೇರಿಸಿದಳು. ಆ ಕೊಠಡಿಯ ಗೋಡೆಯ ತುಂಬ ಸಣ್ಣ ಸಣ್ಣ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಎಲ್ಲೋ ಮಲಗಿರುವ ಒಂದು ಗಂಟಲು. ಹಗಲಲ್ಲಿ ಪಾಳಿ ಮುಗಿಸಿ ಮಲಗಿದ ಕಾರ್ಮಿಕರು, ಚಾಲಕರು, ದಾದಿಯರು. ಅವುಗಳ ಕೆಳಗೆ ಕೂತು ಅವಳು ಅಕ್ಕಯಮ್ಮನ ಗೆರೆಯನ್ನು ಮೊದಲಿನಿಂದ ನೋಡುತ್ತಾ ಬಂದಳು.

ನಾಲ್ಕನೆಯ ಆವೃತ್ತಿ ಬರುವ ಮುಂಚೆ ಒಂದು ನಿದ್ದೆಯಲ್ಲಿ ಉಸಿರು ನಿಂತದ್ದು ಎರಡು ಸಲ, ಹೆಚ್ಚೆಂದರೆ ಮೂರು. ಬಂದ ಮೇಲೆ ಅರವತ್ತು, ಎಪ್ಪತ್ತು. ಪ್ರತಿ ಸಲವೂ ಹದಿನಾರು ಸೆಕೆಂಡು, ಹದಿನೆಂಟು, ಒಮ್ಮೆ ಹತ್ತೊಂಬತ್ತು. ಇಪ್ಪತ್ತನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಜೀವ ಬೆಚ್ಚಿ ಎಚ್ಚೆತ್ತು ಉಸಿರೆಳೆದುಕೊಂಡಿತ್ತು. ಒಂದು ಉಸಿರನ್ನು ಹಿಗ್ಗಿಸಿ ನೋಡಿದಳು. ಎದೆ ಎಳೆಯುತ್ತದೆ, ಅಂಗುಳ ಒಳಕ್ಕೆ ಹೋಗಿ ಹಿಂದಿನ ಗೋಡೆಗೆ ಅಂಟುತ್ತದೆ, ಅದಾದ ಮೇಲೆ ಕಾಳು ತಟ್ಟುತ್ತದೆ. ಅಂಟಿದ್ದನ್ನು ಬಿಡಿಸುವಷ್ಟು ಶಕ್ತಿ ಅಕ್ಕಿಕಾಳಿಗೆ ಇರಲಿಲ್ಲ. ಅಂಟದಂತೆ ತಡೆಯುವ ಶಕ್ತಿ ಮಾತ್ರ ಇತ್ತು. ಅವರು ತಡವಾಗಿ ಬತ್ತಾವ್ರೆ.

ಅವಳು ಹಳೆಯ ಪೆಟ್ಟಿಗೆಗಳಿಂದ ಸಾಮಾನ್ಯ ಜನರ ಕ್ಷೀಣ ಗೆರೆಗಳನ್ನು ಹೊರತೆಗೆದಳು. ಸಾವಿರಾರು ಉಸಿರುಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದಳು. ಎದೆಬಡಿತ, ಉಗುಳು ಎಲ್ಲ ಕರಗಿಹೋದ ಮೇಲೆ ಉಳಿದ ಗೆರೆಯಲ್ಲಿ, ದೊಡ್ಡ ಅಲೆಯ ಮುಂಚೆ, ಅದು ಇತ್ತು. ತೀರಾ ಸಣ್ಣದು. ಎಲ್ಲರಲ್ಲೂ ಇತ್ತು. ಪಿಳ್ಳಪ್ಪನವರ ಗಂಟಲು ಹೊಸದೇನನ್ನೂ ಮಾಡಿರಲಿಲ್ಲ. ಪ್ರತಿಯೊಬ್ಬ ಮನುಷ್ಯನ ಅಂಗುಳ ಪಿಸುಗುಟ್ಟುವುದನ್ನು ಅವರದು ಕೇಳುವಷ್ಟು ಗಟ್ಟಿಯಾಗಿ ಹೇಳಿತ್ತು, ಅಷ್ಟೇ. ಅದನ್ನು ಅವಳು ಕಸುಬಿನ ಚಾಳಿ ಎಂದು ಕರೆದಿದ್ದಳು.

ಡಾ. ಯತಿರಾಜ್ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇಂದುಮತಿಯವರೇ, ಡಾಕ್ಟರು ಹಾರ್ಟ್ ಅಂತ ಬರ್ದಿದಾರೆ. ವಯಸ್ಸೂ ಆಗಿತ್ತು. ಇದರಿಂದಲೇ ಅಂತ ಯಾರೂ ಹೇಳಕ್ಕಾಗಲ್ಲ.”

“ನಾನು ಹೇಳ್ತೀನಿ ಸರ್.”

“ಐದನೇ ಆವೃತ್ತಿ ಅಂತ ಸದ್ದಿಲ್ಲದೆ ಸರಿಮಾಡೋಣ. ನಿಮ್ಮ ಹೆಸರು ಯಾಕೆ ಹೊರಗೆ ಬರ್ಬೇಕು?”

“ಕತ್ತರಿಸುವಾಗ ನನ್ನ ಹೆಸರಿತ್ತಲ್ಲ ಸರ್. ಅಕ್ಕಯಮ್ಮನ ಥರದ ಗಂಟಲು ಇನ್ನೂ ಆರು ಸಾವಿರ ಇದೆ. ಸುಸ್ತು, ತೂಕಡಿಕೆ ಅಂತ ಅವರು ಯಾರ್ಯಾರ ಹತ್ರ ಹೋಗಿದಾರೋ. ಅವರಿಗೆಲ್ಲ ಗೊತ್ತಾಗ್ಬೇಕು.”

ಅವರು ತಡೆಯಲಿಲ್ಲ. ಅದೇ ದಿನ ಸಂಜೆಯೊಳಗೆ ಅವಳು ಮುಂಚಿನ ಅಲೆಯನ್ನು ಅದರ ಜಾಗಕ್ಕೆ ವಾಪಸು ಇಟ್ಟಳು. ಕತ್ತರಿಸಲು ಎರಡು ತಿಂಗಳು ಹಿಡಿದಿತ್ತು, ಅಂಟಿಸಲು ನಾಲ್ಕು ಗಂಟೆ. ಆರು ಸಾವಿರ ಜನಕ್ಕೆ ಪತ್ರ ಹೋಯಿತು, ಕೆಳಗೆ ಅವಳ ಸಹಿ.

ಆ ಭಾನುವಾರ ಮಧ್ಯಾಹ್ನ ಸದಾನಂದ ದಿವಾನದ ಮೇಲೆ ಪೇಪರು ಮುಖಕ್ಕೆ ಹಾಕಿಕೊಂಡು ಮಲಗಿದ್ದ. ಇಂದುಮತಿ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡಳು. ಹತ್ತಿರ ಕಿವಿಯಿಟ್ಟರೆ ಮಾತ್ರ ತಿಳಿಯುವಂತೆ, ಒಂದೊಂದು ಉಸಿರಿಗೂ ಮುಂಚೆ, ಒದ್ದೆ ತುಟಿ ಬಿಡಿಸಿದ ಹಾಗೆ ಒಂದು ಸಣ್ಣ ಸದ್ದು. ಆಮೇಲೆ ಗಾಳಿ. ಪಿಳ್ಳಪ್ಪನವರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಅವಳ ಗಂಡನಿಗೆ, ಊರಿನ ಕಂಡವರಿಗೆಲ್ಲ ಬರುತ್ತಿದ್ದರು. ಯಾರಿಗೋಸ್ಕರ ಈ ಉಸಿರನ್ನು ಕೊಟ್ಟಿದ್ದರೋ ಆ ಅಕ್ಕಯಮ್ಮನೊಬ್ಬರನ್ನು ಬಿಟ್ಟು. ಇಂದುಮತಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು.

ಮರುದಿನ ಶಿಡ್ಲಘಟ್ಟಕ್ಕೆ ಹೋದಳು. ಜೀಪು ಬೇಡವೆಂದು ಅಕ್ಕಯಮ್ಮ ಬಂದಂತೆಯೇ ಎರಡು ಬಸ್ಸು ಬದಲಿಸಿದಳು. ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿತ್ತು. ಫಿಲೇಚರುಗಳ ಬೀದಿಯಲ್ಲಿ ಬೆಂದ ಗೂಡಿನ ವಾಸನೆ. ನಾಗವೇಣಿ ಮೂವತ್ತೈದರ ಹೆಂಗಸು, ಅಂಗನವಾಡಿಯ ಟೀಚರು. ಗದ್ದ ತಾಯಿಯದೇ, ಸಣ್ಣದು, ಹಿಂದಕ್ಕೆ ಸರಿದದ್ದು. ಅಂಥ ಗದ್ದದ ಹಿಂದೆ ಗಂಟಲೂ ಕಿರಿದಾಗಿರುತ್ತದೆ. ಗೋಡೆಯ ಮೇಲೆ ಅಪ್ಪ ಅಮ್ಮನ ಫೋಟೋ, ಅದರ ಪಕ್ಕ ಬಟ್ಟೆ ಸುತ್ತಿದ ಒತ್ತು ತೂಗುಹಾಕಿತ್ತು.

ನಾಗವೇಣಿ ಚಾಪೆ ಹಾಸಿ ಕೂರಿಸಿ ನೀರು ಕೊಟ್ಟಳು. ಇಂದುಮತಿ ಬಾಯಿ ತೆರೆಯುವ ಮುಂಚೆ ಅವಳೇ ಮಾತಾಡಿದಳು.

“ನೀವು ಬಂದಿದ್ದು ಒಳ್ಳೇದಾಯ್ತು ಮೇಡಂ. ಅಮ್ಮ ನಿಮ್ಮನ್ನ ಬಾಳ ನೆನೀತಿದ್ರು. ಆ ಸುಸ್ತಿಗೆ ಬೆಂಗ್ಳೂರಿಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗ್ತೀನಿ ಅಂತ ನಾನು ರಜಾನೂ ಹಾಕಿದ್ದೆ. ಬೇಡ ಬುಡು, ಮೇಡಮ್ಮು ಕೂರ್ಸಿ ಕೇಳಿದ್ರು, ಬರ್ಕೊಂಡವ್ರೆ, ಸರಿ ಮಾಡ್ತಾರೆ ಅಂದ್ರು. ರಜಾ ಕ್ಯಾನ್ಸಲ್ ಮಾಡ್ಸಿದೆ.”

ಇಂದುಮತಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

“ಏನ್ ಬರ್ಕೊಂಡಿದ್ರಿ ಮೇಡಂ ಅವತ್ತು?”

ಆ ಹಾಳೆಯನ್ನು ಅವಳು ತಂದಿದ್ದಳು. ಬ್ಯಾಗಿನಿಂದ ತೆಗೆದು ಕೊಟ್ಟಳು. ನಾಗವೇಣಿ ಮಕ್ಕಳಿಗೆ ಓದಿಸುವ ಅಭ್ಯಾಸದಲ್ಲೋ ಏನೋ ಗಟ್ಟಿಯಾಗಿಯೇ ಓದಿದಳು. “ಪತಿ ವಿಯೋಗದ ದುಃಖ. ಯಂತ್ರ ಸರಿಯಿದೆ.” ಇನ್ನೊಮ್ಮೆ ಓದಿದಳು, ಈ ಸಲ ಮನಸ್ಸಿನಲ್ಲಿ.

ಇಂದುಮತಿ ಎಲ್ಲವನ್ನೂ ಹೇಳಿದಳು. ಮುಂಚಿನ ಅಲೆ, ಅದನ್ನು ಕತ್ತರಿಸಿದ್ದು, ಐದು ದಿನದ ಚಾರ್ಜು, ಅಕ್ಕಯಮ್ಮ ಬಂದು ಹೇಳಿದ ಮಾತು, ಇಪ್ಪತ್ತು ಸೆಕೆಂಡು. ಹದಿನೆಂಟು ಸೆಕೆಂಡಿನ ಮಾತು ಬಂದಾಗ ನಾಗವೇಣಿ ತನ್ನ ಗಂಟಲನ್ನು ಬೆರಳಿನಿಂದ ಮುಟ್ಟಿಕೊಂಡಳು. ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಸೊಪ್ಪು ಕೂಗಿಕೊಂಡು ಹೋದರು.

“ಅಪ್ಪನ್ ಉಸಿರನ್ನ ಯಾಕೆ ಕತ್ತರ್ಸಿದ್ರಿ ಮೇಡಂ? ಅವ್ರು ಹೇಳಿರ್ಲಿಲ್ವಾ?”

“ಹೇಳಿದ್ರು.”

“ನನಗೂ ಹಾಕಿಸ್ಕೋಬೇಕು ಅಂತ ಡಾಕ್ಟ್ರು ಬರ್ದವ್ರೆ. ಮುಂದಿನ ತಿಂಗ್ಳು ಬಾ ಅಂದವ್ರೆ. ಹಾಕಿಸ್ಕೊಳ್ಳಲಾ?”

“ಈಗ ಅದರಲ್ಲಿ ನಿಮ್ಮಪ್ಪ ಪೂರ್ತಿ ಇದ್ದಾರಮ್ಮ. ಆದ್ರೆ ಹಾಕಿಸ್ಕೊ ಅಂತ ಹೇಳೋ ಬಾಯಿ ನನಗಿಲ್ಲ.”

ನಾಗವೇಣಿ ಗೋಡೆಯ ಕಡೆ ನೋಡಿದಳು. “ಅಪ್ಪ ಮಾತಾಡಿದ್ದು, ಊದಿದ್ದು ನಿಮ್ಮತ್ರ ಐತಂತೆ. ಅಮ್ಮ ಹೇಳ್ತಿದ್ರು. ಹಾಕಿ, ಕೇಳ್ತೀನಿ.”

ಇಂದುಮತಿ ಫೋನಿನಲ್ಲಿ ಮೂರನೆಯ ದಿನದ ಧ್ವನಿಮುದ್ರಣ ಹಾಕಿ ಚಾಪೆಯ ಮೇಲಿಟ್ಟಳು. ಮೊದಲು ಕುರ್ಚಿ ಎಳೆದ ಸದ್ದು, ಕೆಮ್ಮು, ಆಮೇಲೆ ಪಿಳ್ಳಪ್ಪನವರ ಧ್ವನಿ. ಮೊದ್ಲು ಬಾಗ್ಲು, ಆಮೇಲೆ ಗಾಳಿ. ನಾಗವೇಣಿಯ ಮುಖ ಒಮ್ಮೆಗೇ ಮಗುವಿನದಾಯಿತು. ಒತ್ತು ಮೊದ್ಲು ಎದ್ದು ನಿಂತಿರ್ಬೇಕು. ಇದನ್ನ ಬರ್ಕೊಳ್ಳಿ. ಅದರ ಬೆನ್ನಿಗೇ ಹೆಣ್ಣುಧ್ವನಿಯೊಂದು, ಚಿಕ್ಕ ವಯಸ್ಸಿನದು, ನಗುಮೊಗದಲ್ಲಿ ಹೇಳಿದ್ದು: ಬರ್ಕೊಂಡೆ, ಪಿಳ್ಳಪ್ಪನವರೇ.

ಅದು ಮುದ್ರಣವಾಗಿದೆಯೆಂದು ಇಂದುಮತಿ ಮರೆತಿದ್ದಳು. ನಾಗವೇಣಿ ಅವಳನ್ನೇ ನೋಡುತ್ತಿದ್ದಳು.

“ಅವತ್ತೂ ಬರ್ಕೊಂಡಿರ್ಲಿಲ್ವಾ?”

“ಇಲ್ಲಮ್ಮ.”

ಫೋನಿನಲ್ಲಿ ಒತ್ತು ಶುರುವಾಯಿತು. ಒಂದೇ ಸ್ವರ, ತಗ್ಗದೆ, ಏರದೆ, ಎಲ್ಲಿ ಉಸಿರು ತೆಗೆದುಕೊಂಡರೆಂದು ತಿಳಿಯದಂತೆ ಸಾಗಿತು. ನಾಗವೇಣಿ ಎದ್ದು ಒಳಗೆ ಹೋದಳು. ಅವಳು ಇನ್ನು ಹೊರಗೆ ಬರುವುದಿಲ್ಲ, ತಾನು ಎದ್ದು ಹೋಗಬೇಕು ಎಂದು ಇಂದುಮತಿ ಬ್ಯಾಗಿಗೆ ಕೈ ಹಾಕುವಷ್ಟರಲ್ಲಿ ಅವಳು ಬಂದಳು. ಕೈಯಲ್ಲಿ ಅಂಗನವಾಡಿಯ ನೀಲಿ ಪೆನ್ನಿತ್ತು. ಆ ಹಾಳೆಯನ್ನು ಮಗುಚಿ, ಖಾಲಿ ಬದಿ ಮೇಲೆ ಮಾಡಿ, ಇಂದುಮತಿಯ ಮುಂದೆ ಇಟ್ಟಳು.

“ಈಗ ಬರ್ಕೊಳ್ಳಿ. ಅಪ್ಪ ಹೇಳಿದ್ದು, ಅಮ್ಮ ಹೇಳಿದ್ದು, ಎರಡೂ. ಅವ್ರು ಹೇಳ್ದಂಗೇ. ನಾನು ಹೇಳ್ತೀನಿ.”

ಇಂದುಮತಿ ಪೆನ್ನು ತೆಗೆದುಕೊಂಡಳು. ಮೊದಲ ಸಾಲು ಬರೆದಳು: ಮೊದ್ಲು ಬಾಗ್ಲು, ಆಮೇಲೆ ಗಾಳಿ. ನಾಗವೇಣಿ ಅವಸರ ಮಾಡಲಿಲ್ಲ, ಅವಳು ಬರೆದು ಮುಗಿಸುವವರೆಗೆ ಕಾದು ಮುಂದಿನ ಮಾತು ಹೇಳಿದಳು.